ಎಲುಬು ಮುರಿದಾಗ ಆಪರೇಷನ್ನೋ ಪ್ಲಾಸ್ಟರೋ? ತೀರ್ಮಾನಕ್ಕೆ ಬರುವುದು ಹೇಗೆ

"ಡಾಕ್ಟ್ರು ಆಪರೇಷನ್ ಅಂತಿದ್ದಾರೆ, ಪ್ಲಾಸ್ಟರ್ ಹಾಕಿದ್ರೆ ಸಾಕಾಗುದಿಲ್ವಾ?" ಮಳೆಗಾಲ ಶುರುವಾಗಿ ಅಂಗಳದಲ್ಲಿ ಪಾಚಿ ಕಟ್ಟಿತೆಂದರೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅದರ ಹಿಂದೆಯೇ ಉಲ್ಟಾ ಪ್ರಶ್ನೆಯೂ ಬರುತ್ತದೆ: "ಬರೀ ಪ್ಲಾಸ್ಟರ್ ಹಾಕಿ ಕಳಿಸಿದ್ರು, ಆಪರೇಷನ್ ಮಾಡ್ಸಿದ್ರೆ ಬೇಗ ಗುಣ ಆಗ್ತಿತ್ತಾ?"

ಎರಡಕ್ಕೂ ಒಂದೇ ಸಾಲಿನ ಉತ್ತರ ಇಲ್ಲ. ಯಾವ ಎಲುಬು, ಹೇಗೆ ಮುರಿದಿದೆ, ಯಾರದ್ದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆಪರೇಷನ್ ಆಗಿ ಬಂದವರನ್ನೂ ಪ್ಲಾಸ್ಟರ್ ಬಿಚ್ಚಿ ಬಂದವರನ್ನೂ ಫಿಸಿಯೋಥೆರಪಿ ಕೋಣೆಯಲ್ಲಿ ನೋಡುವ ನನಗೆ ಅನ್ನಿಸುವುದು ಇಷ್ಟು: ನಮ್ಮ ಕಡೆಯವರು ತಡ ಮಾಡಬಾರದ ಕಡೆ ತಡ ಮಾಡುತ್ತಾರೆ, ಅವಸರ ಬೇಡದ ಕಡೆ ಅವಸರ ಮಾಡುತ್ತಾರೆ. ಅಜ್ಜಿಯ ಸೊಂಟ ಮುರಿದಾಗ ಮನೆಯವರೆಲ್ಲ ಸೇರಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅದೇ ಅಜ್ಜಿಯ ಭುಜ ಮುರಿದರೆ "ಪ್ಲೇಟ್ ಹಾಕಿಸಿ ಬಿಡುವ" ಎಂದು ಮರುದಿನವೇ ಹೊರಡುತ್ತಾರೆ.

ಶುರು ಮಾಡುವ ಮುನ್ನ ಇವಿಷ್ಟು ಕೈಯಲ್ಲಿರಲಿ: ಎಕ್ಸ್‌ರೇ ಫಿಲ್ಮ್ (ಮೊಬೈಲ್ ಫೋಟೋ ಮಾತ್ರ ಸಾಲದು), ರೋಗಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಸಕ್ಕರೆ ಕಾಯಿಲೆ ಇದ್ದರೆ ಇತ್ತೀಚಿನ ರಿಪೋರ್ಟ್, ರೇಷನ್ ಕಾರ್ಡ್, ಆಧಾರ್. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು.

ಹಂತ 1: ಮೊದಲ ಗಂಟೆ

ಮುರಿದ ಭಾಗವನ್ನು ಇದ್ದ ಹಾಗೆಯೇ ಅಲುಗಾಡದಂತೆ ಕಟ್ಟಿ. ಪಟ್ಟಿಗೆ ರಟ್ಟು, ಮಡಚಿದ ಪೇಪರ್ ಕಟ್ಟು, ಮರದ ಪಟ್ಟಿ ಯಾವುದಾದರೂ ಆಗುತ್ತದೆ. ಬಳೆ, ಉಂಗುರ, ಕಾಲುಂಗುರ ಕೂಡಲೇ ತೆಗೆಯಿರಿ, ಬಾವು ಬಂದ ಮೇಲೆ ಕತ್ತರಿಸಬೇಕಾಗುತ್ತದೆ. 108ಕ್ಕೆ ಕರೆ ಮಾಡಿ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದವರನ್ನು ನಾಲ್ಕು ಜನ ಎತ್ತಿ ರಿಕ್ಷಾದಲ್ಲಿ ಕೂರಿಸುವುದು ಅತ್ಯಂತ ಅಪಾಯ. ಬೆನ್ನೆಲುಬು ಮುರಿದಿದ್ದರೆ ಆ ಒಂದು ಮಡಚುವಿಕೆಯಲ್ಲೇ ಕಾಲಿನ ಶಕ್ತಿ ಹೋಗಬಹುದು. ಹಲಗೆಯ ಮೇಲೆ ನೇರವಾಗಿ ಮಲಗಿಸಿಯೇ ಸಾಗಿಸಬೇಕು.

ಚರ್ಮ ಹರಿದು ಎಲುಬು ಹೊರಗೆ ಕಾಣುತ್ತಿದ್ದರೆ, ಅಥವಾ ಮುರಿತದ ಜಾಗದಲ್ಲಿ ಸಣ್ಣ ಗಾಯವಾಗಿ ರಕ್ತ ಸುರಿಯುತ್ತಿದ್ದರೆ, ಅದನ್ನು ಓಪನ್ ಫ್ರ್ಯಾಕ್ಚರ್, ಅಂದರೆ ತೆರೆದ ಮುರಿತ ಎನ್ನುತ್ತಾರೆ. ಎಲುಬನ್ನು ಒಳಗೆ ತಳ್ಳಬೇಡಿ. ಅರಶಿನ, ಕಾಫಿಪುಡಿ ಹಾಕಬೇಡಿ. ಶುಭ್ರ ಬಟ್ಟೆ ಮುಚ್ಚಿ ಹೊರಡಿ. ಇಲ್ಲಿ ನಂಜು ತಡೆಯುವುದರಲ್ಲಿ ಆ್ಯಂಟಿಬಯೋಟಿಕ್ ಎಷ್ಟು ಬೇಗ ರಕ್ತಕ್ಕೆ ಸೇರಿತು ಎಂಬುದು ಮುಖ್ಯ, ಗಂಟೆಯೊಳಗೆ ಸಿಕ್ಕಿದರೆ ಒಳ್ಳೆಯದು. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು.

ಹಂತ 2: ಎಕ್ಸ್‌ರೇ ಎದುರಿಗಿಟ್ಟು ಕೇಳಬೇಕಾದದ್ದು

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದಾಗ ಮೂರು ಪ್ರಶ್ನೆ ಕೇಳಿ. ಎಲುಬು ಜಾರಿದೆಯೇ? ಕೀಲಿನ ಒಳಗೆ ಬಿರುಕು ಹೋಗಿದೆಯೇ? ಮುರಿತ ಒಂದೇ ಕಡೆ ಇದೆಯೋ, ಚೂರು ಚೂರಾಗಿದೆಯೋ?

ಜಾರಿರುವುದಕ್ಕೆ 'ಡಿಸ್‌ಪ್ಲೇಸ್ಡ್' ಎನ್ನುತ್ತಾರೆ. ಜಾರದಿದ್ದರೆ ಬಹುಪಾಲು ಪ್ಲಾಸ್ಟರಿಗೇ ಮುಗಿಯುತ್ತದೆ. ಜಾರಿದ್ದನ್ನು ಎಳೆದು ಸರಿಮಾಡುವುದು 'ರಿಡಕ್ಷನ್'. ಅದನ್ನು ಚರ್ಮ ಕೊಯ್ಯದೆ ಹೊರಗಿನಿಂದ ಮಾಡಿ ಪ್ಲಾಸ್ಟರ್ ಹಾಕಬಹುದು, ಕೊಯ್ದು ಒಳಗಿಂದ ಮಾಡಿ ಪ್ಲೇಟ್, ಸ್ಕ್ರೂ ಅಥವಾ ರಾಡ್ ಹಾಕಬಹುದು. 'ಕೆ-ವೈರ್' ಎಂಬುದು ಇವೆರಡರ ನಡುವಿನ ದಾರಿ. ಚರ್ಮದ ಮೇಲಿನಿಂದಲೇ ತೆಳು ತಂತಿ ತೂರಿಸಿ ಎಲುಬನ್ನು ಹಿಡಿದಿಡುತ್ತಾರೆ, ಕೆಲವು ವಾರಗಳ ನಂತರ ಎಳೆದು ತೆಗೆಯುತ್ತಾರೆ. ಕೀಲಿನ ಮೇಲ್ಮೈ ಮೆಟ್ಟಿಲಿನಂತೆ ಮೇಲೆ ಕೆಳಗಾಗಿದ್ದರೆ ಅದನ್ನು ಸಮ ಮಾಡದೆ ಬಿಡುವಂತಿಲ್ಲ. ಬಿಟ್ಟರೆ ಕೀಲು ಬೇಗ ಸವೆದು ಸಂಧಿವಾತ ಬರುತ್ತದೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಕೊಳ್ಳಿ. ಪ್ಲೇಟಾಗಲಿ ಪ್ಲಾಸ್ಟರಾಗಲಿ ಎಲುಬನ್ನು ಕೂಡಿಸುವುದಿಲ್ಲ. ಮನೆಗೆ ಆರ್‌ಸಿಸಿ ಹಾಕುವಾಗ ಕೊಡುವ ಸೆಂಟ್ರಿಂಗ್ ಇದ್ದ ಹಾಗೆ ಅವು, ಗಟ್ಟಿಯಾಗುವವರೆಗೆ ಆಕಾರ ಹಿಡಿದಿಡುವುದಷ್ಟೇ ಕೆಲಸ. ಹಾಗಾಗಿ ಆಪರೇಷನ್ ಮಾಡಿಸಿದರೆ ಎಲುಬು ಬೇಗ ಕೂಡುತ್ತದೆ ಎಂಬುದು ಸುಳ್ಳು. ಆಪರೇಷನ್ನಿಂದ ಸಿಗುವುದು ಬೇರೆ: ಆಕಾರ ಸರಿಯಾಗಿ ನಿಲ್ಲುತ್ತದೆ, ಕೀಲನ್ನು ಬೇಗ ಅಲುಗಾಡಿಸಬಹುದು, ರೋಗಿ ಹಾಸಿಗೆ ಬಿಟ್ಟು ಬೇಗ ಏಳಬಹುದು. ಇದಕ್ಕೆ ಪ್ರತಿಯಾಗಿ ನಂಜು, ನರಕ್ಕೆ ಪೆಟ್ಟು, ಅರಿವಳಿಕೆಯ ತೊಂದರೆ, ಮುಂದೆ ಪ್ಲೇಟ್ ತೆಗೆಸಬೇಕಾಗಿ ಬರುವ ಸಾಧ್ಯತೆ ಇವನ್ನು ಒಪ್ಪಿಕೊಳ್ಳಬೇಕು.

ಹಂತ 3: ನಿಮ್ಮ ಮುರಿತ ಯಾವ ಗುಂಪಿನದು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸೊಂಟ. ವಯಸ್ಸಾದವರು ಬಚ್ಚಲಲ್ಲಿ ಜಾರಿ, ತೊಡೆ ಎಲುಬು ಸೊಂಟದ ಕೀಲಿನ ಹತ್ತಿರ ಮುರಿದರೆ, ಆಪರೇಷನ್ ಮಾಡಿಸುವುದೇ ಕ್ರಮ. "80 ವರ್ಷ ಆಯ್ತು, ಇನ್ನು ಎಂತ ಆಪರೇಷನ್?" ಎಂಬ ಮಾತು ಪ್ರತಿ ಮನೆಯಲ್ಲೂ ಏಳುತ್ತದೆ. ವಯಸ್ಸಾಗಿದೆ ಎಂಬುದೇ ಆಪರೇಷನ್ ಮಾಡಿಸಲು ಕಾರಣ. ಮಾಡಿಸದೆ ಮಲಗಿಸಿದರೆ ಬೆನ್ನಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. ಬ್ರಿಟನ್ನಿನ ಮಾರ್ಗಸೂಚಿ ದಾಖಲಾದ ದಿನವೇ ಅಥವಾ ಮರುದಿನ ಆಪರೇಷನ್ ಆಗಬೇಕು ಎನ್ನುತ್ತದೆ. ಭಾರತವೂ ಸೇರಿ 17 ದೇಶಗಳ 2,970 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 6 ಗಂಟೆಯೊಳಗೆ ಮಾಡಿದವರಿಗೂ ಸುಮಾರು 24 ಗಂಟೆಗೆ ಮಾಡಿದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಮಾಡಿಸಿಕೊಂಡವರಲ್ಲಿ ಬುದ್ಧಿಭ್ರಮಣೆ ಕಡಿಮೆ, ಅವರು ಎದ್ದು ನಿಂತದ್ದೂ ಬೇಗ. ಅಂದರೆ ಮಧ್ಯರಾತ್ರಿ ಓಡಬೇಕಾಗಿಲ್ಲ, ದುಬೈಯ ಮಗ ಬರುವವರೆಗೆ ಒಂದು ವಾರ ಕಾಯುವುದು ಮಾತ್ರ ಬೇಡ. ನಿಜವನ್ನೂ ಹೇಳಬೇಕು: ಆಪರೇಷನ್ ಚೆನ್ನಾಗಿ ಆದರೂ ಈ ಮುರಿತದ ನಂತರ ಒಂದು ವರ್ಷದೊಳಗೆ ತೀರಿಹೋಗುವ ವೃದ್ಧರು 100ರಲ್ಲಿ 20ರಿಂದ 30 ಮಂದಿ ಎಂದು ಬೇರೆ ಬೇರೆ ದೇಶಗಳ ಲೆಕ್ಕ ಹೇಳುತ್ತದೆ.

ತೊಡೆ ಎಲುಬಿನ ನಡುಭಾಗ, ತೆರೆದ ಮುರಿತ, ರಕ್ತನಾಳಕ್ಕೆ ಪೆಟ್ಟು. ಇವಕ್ಕೂ ಆಪರೇಷನ್ನೇ. ದೊಡ್ಡವರ ತೊಡೆಗೆ ಹಿಂದೆ ತಿಂಗಳುಗಟ್ಟಲೆ ತೂಕ ಕಟ್ಟಿ ಎಳೆದಿಡುತ್ತಿದ್ದರು. ಎಲುಬಿನ ಒಳಗೆ ರಾಡ್ ಹಾಕುವ ವಿಧಾನ ಬಂದ ಮೇಲೆ ಅದು ಹಿಂದೆ ಸರಿಯಿತು. ಇಲ್ಲಿ ಚರ್ಚೆಗೆ ಜಾಗವಿಲ್ಲ.

ಭುಜ. ಈಗ ಇನ್ನೊಂದು ತುದಿಗೆ ಬನ್ನಿ. ತೋಳಿನ ಎಲುಬು ಭುಜದ ಹತ್ತಿರ ಮುರಿದು ಜಾರಿದ 250 ಮಂದಿಯನ್ನು ಬ್ರಿಟನ್ನಿನಲ್ಲಿ ಎರಡು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಬರೀ ಜೋಳಿಗೆ (ಕೈಯನ್ನು ಕುತ್ತಿಗೆಯಿಂದ ತೂಗುಹಾಕುವ ಬಟ್ಟೆ) ಮತ್ತು ವ್ಯಾಯಾಮ. 2015ರಲ್ಲಿ ಬಂದ ಫಲಿತಾಂಶದಂತೆ, ಎರಡು ವರ್ಷದವರೆಗೂ ಕೈಯ ಕೆಲಸದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಎಕ್ಸ್‌ರೇಯಲ್ಲಿ ಸೊಟ್ಟ ಕಂಡ ಎಲುಬು ಕೈ ಎತ್ತುವಾಗ ಅಷ್ಟೇನೂ ತೊಂದರೆ ಕೊಡಲಿಲ್ಲ. ಭುಜದ ಕೀಲು ತಪ್ಪಿಯೂ ಹೋಗಿದ್ದರೆ, ಎಲುಬಿನ ತಲೆಯೇ ಸೀಳಿದ್ದರೆ ಆ ಮಾತು ಬೇರೆ.

ಮಣಿಕಟ್ಟು. ಪಾಚಿಯಲ್ಲಿ ಜಾರಿ ಕೈ ಊರಿದವರಲ್ಲಿ ಅತಿ ಹೆಚ್ಚು ಕಾಣುವ ಮುರಿತ. ಎಳೆದು ಸರಿಮಾಡಿದ ಮೇಲೆ ಪ್ಲಾಸ್ಟರ್ ಸಾಕೇ, ಕೆ-ವೈರ್ ಬೇಕೇ ಎಂದು 500 ಮಂದಿಯಲ್ಲಿ ನೋಡಿದ ಬ್ರಿಟಿಷ್ ಅಧ್ಯಯನ 2022ರಲ್ಲಿ ಬಂತು. ಒಂದು ವರ್ಷದ ನಂತರ ಇಬ್ಬರ ಕೈಯೂ ಒಂದೇ ರೀತಿ ಕೆಲಸ ಮಾಡುತ್ತಿತ್ತು. ಆದರೆ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಶೇ. 13 ಮಂದಿಗೆ ಮೊದಲ ಆರು ವಾರಗಳಲ್ಲಿ ಎಲುಬು ಮತ್ತೆ ಜಾರಿ ಆಪರೇಷನ್ ಬೇಕಾಯಿತು. ಈ ಸಂಖ್ಯೆಯನ್ನು ನೆನಪಿಡಿ, ಹಂತ 6ರಲ್ಲಿ ಬೇಕಾಗುತ್ತದೆ.

ಪಾದದ ಗಂಟು. 60 ದಾಟಿದವರಲ್ಲಿ, ಕಾಲಿಗೆ ಅಂಟಿ ಕೂರುವಂತೆ ಹಾಕಿದ ಪ್ಲಾಸ್ಟರಿಗೂ ಆಪರೇಷನ್ನಿಗೂ ಆರು ತಿಂಗಳಲ್ಲಿ ಸಮ ಫಲಿತಾಂಶ ಬಂದ ಅಧ್ಯಯನವಿದೆ (2016, 620 ಮಂದಿ). ಆದರೆ ಆ ಪ್ಲಾಸ್ಟರ್ ಹಾಕಲು ಪಳಗಿದ ಕೈ ಬೇಕು. ಯುವಕರಲ್ಲಿ ಗಂಟು ಸಡಿಲವಾಗಿದ್ದರೆ ಹೆಚ್ಚಾಗಿ ಪ್ಲೇಟ್ ಹಾಕುತ್ತಾರೆ. ಬಾವು ಇಳಿಯಲೆಂದು ಡಾಕ್ಟರು ವಾರ, ಹತ್ತು ದಿನ ಕಾಯಿಸಿದರೆ ಅದು ಅಸಡ್ಡೆಯಲ್ಲ. ಊದಿದ ಚರ್ಮ ಕೊಯ್ದರೆ ಗಾಯ ಕೂಡುವುದಿಲ್ಲ.

ಕೊರಳೆಲುಬು. ಬೈಕಿನಿಂದ ಬಿದ್ದ ಹುಡುಗರದ್ದು. ಹೆಚ್ಚಿನವು ಜೋಳಿಗೆಯಲ್ಲೇ ಕೂಡುತ್ತವೆ. ಪೂರ್ತಿ ಜಾರಿದ್ದರೆ ಕೂಡದೇ ಉಳಿಯುವ ಸಾಧ್ಯತೆ 100ರಲ್ಲಿ ಸುಮಾರು 15. ಹಾಗೆ ಉಳಿದರೆ ಆಮೇಲೆ ಪ್ಲೇಟ್ ಹಾಕಬಹುದು. ಎಲ್ಲರಿಗೂ ಮೊದಲೇ ಹಾಕಬೇಕೋ, ಬೇಕಾದವರಿಗೆ ಆಮೇಲೆ ಹಾಕಬೇಕೋ ಎಂಬುದು ನಿಜಕ್ಕೂ ನಿಮ್ಮ ಆಯ್ಕೆ.

ಮಕ್ಕಳ ಮೊಣಕೈ. ಮಕ್ಕಳ ಎಲುಬು ಬೆಳೆಯುತ್ತ ತಾನೇ ನೇರವಾಗುವುದರಿಂದ ಬಹಳಷ್ಟು ಮುರಿತ ಪ್ಲಾಸ್ಟರಿನಲ್ಲೇ ಸರಿಹೋಗುತ್ತದೆ. ಮೊಣಕೈ ಮೇಲ್ಭಾಗದ ಮುರಿತ ಇದಕ್ಕೆ ಹೊರತು. ಜಾರಿದ್ದರೆ ತಂತಿ ಹಾಕಲೇಬೇಕು. ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ ಅದು ತುರ್ತು. ಮಗುವಿನ ಮೊಣಕೈಗೆ ಎಣ್ಣೆ ಹಾಕಿ ತಿಕ್ಕಿಸಬೇಡಿ, ಪ್ಲಾಸ್ಟರ್ ಬಿಚ್ಚಿದ ಮೇಲೂ ಬೇಡ. ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೀಲು ಶಾಶ್ವತವಾಗಿ ಬಿಗಿಯಬಹುದು.

ನಾಟಿ ವೈದ್ಯರ ಕಟ್ಟಿನ ಬಗ್ಗೆಯೂ ಕೇಳುತ್ತೀರಿ. (ಪ್ರಸಿದ್ಧವಾದ 'ಪುತ್ತೂರು ಕಟ್ಟು' ಆಂಧ್ರದ ಪುತ್ತೂರಿನದು, ನಮ್ಮ ಪುತ್ತೂರಿನದಲ್ಲ.) ಜಾರದ ಮುರಿತ ಯಾವ ಕಟ್ಟಿನಲ್ಲಾದರೂ ಕೂಡುತ್ತದೆ, ಹೆಸರು ಬರುವುದು ಅದರಿಂದ. ಎಕ್ಸ್‌ರೇ ಇಲ್ಲದೆ ಯಾವುದು ಜಾರಿದೆ, ಯಾವುದು ಇಲ್ಲ ಎಂದು ತಿಳಿಯುವುದಿಲ್ಲ. ಬಿಗಿ ಕಟ್ಟಿನಿಂದ ರಕ್ತ ಸಂಚಾರ ನಿಂತು ಮುಂಗೈ ಸ್ನಾಯುಗಳು ಸತ್ತು, ಬೆರಳುಗಳು ಮುದುಡಿ ಉಳಿದ ಮಕ್ಕಳನ್ನು ನೋಡಿದವರು ಇದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ.

ಹಂತ 4: ಆ ಕೈಕಾಲಿನಿಂದ ಏನು ಕೆಲಸ ಆಗಬೇಕು?

ಡಾಕ್ಟರಿಗೆ ನಿಮ್ಮ ಎಲುಬು ಕಾಣುತ್ತದೆ, ಕಸುಬು ಕಾಣುವುದಿಲ್ಲ. ನೀವೇ ಹೇಳಬೇಕು. ಮಲ್ಪೆ ದಕ್ಕೆಯಲ್ಲಿ ಬುಟ್ಟಿ ಹೊರುವವರು, ಅಡಿಕೆ ಮರ ಹತ್ತುವವರು, ರಂಗದ ಮೇಲೆ ಮಂಡಿ ಹಾಕುವ ಯಕ್ಷಗಾನ ಕಲಾವಿದರು, ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರು, ಇವರೆಲ್ಲರ ಮೊಣಕಾಲಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಮನೆಯಲ್ಲಿ ಕಮೋಡ್ ಇದೆಯೇ, ನೆಲದ ಮೇಲೆ ಚಕ್ಕಳಮಕ್ಕಳ ಕೂರಲೇಬೇಕೇ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆಯೇ ಎಂಬುದನ್ನೂ ಹೇಳಿ.

ಬೀಡಿ ಸಿಗರೇಟು ಸೇದುವುದನ್ನು ಮುಚ್ಚಿಡಬೇಡಿ. ಹೊಗೆಯಿಂದ ಎಲುಬು ಕೂಡುವುದು ತಡವಾಗುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಆಪರೇಷನ್ ಗಾಯಕ್ಕೆ ನಂಜು ತಗಲುವ ಅಪಾಯ ಹೆಚ್ಚು.

ಇಷ್ಟು ಹೇಳಿದ ಮೇಲೆ ನೇರವಾಗಿ ಕೇಳಿ: "ನನ್ನ ಸ್ಥಿತಿಯಲ್ಲಿ ಆಪರೇಷನ್ ಮಾಡಿಸಿದರೆ ಒಂದು ವರ್ಷದ ನಂತರ ಕೈ ಹೇಗಿರುತ್ತದೆ, ಮಾಡಿಸದಿದ್ದರೆ ಹೇಗಿರುತ್ತದೆ?" ಮೂರು ತಿಂಗಳ ಲೆಕ್ಕ ಕೇಳಬೇಡಿ, ಆಗ ಪ್ಲೇಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಮುಂದಿರುತ್ತಾರೆ. ಬೇಗ ಕೆಲಸಕ್ಕೆ ಹೋಗಲೇಬೇಕಾದವರಿಗೆ ಆ ಮುನ್ನಡೆಯೇ ಬೇಕಿರಬಹುದು, ಅದು ತಪ್ಪಲ್ಲ. ಗೊತ್ತಿದ್ದು ಆರಿಸಿಕೊಳ್ಳಿ ಅಷ್ಟೇ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದಿದ್ದರೆ ಸಂಕೋಚ ಬೇಡ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಮೆಡಿಕಲ್ ಕಾಲೇಜುಗಳ ಎಲುಬು ವಿಭಾಗಗಳೇ ಇರುವ ಊರು ನಮ್ಮದು. ಚರ್ಮ ಹರಿಯದ ಮುರಿತಗಳಲ್ಲಿ ಹಲವಕ್ಕೆ ಎರಡು ಮೂರು ದಿನದ ಸಮಯ ಇರುತ್ತದೆ. ಮೂರು ವಾರ ದಾಟಿಸಿದರೆ ಎಲುಬು ಸೊಟ್ಟಗೇ ಕೂಡಲು ಶುರುವಾಗಿ ಆಪರೇಷನ್ ಕಷ್ಟವಾಗುತ್ತದೆ.

ಹಂತ 5: ಹಣ ಮತ್ತು ಕಾಗದ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ದಾಖಲಾಗುವಾಗಲೇ ಕೌಂಟರಿನಲ್ಲಿ ವಿಚಾರಿಸಿ, ಬಿಲ್ ಆದ ಮೇಲೆ ಕಾರ್ಡ್ ತೋರಿಸಿದರೆ ಉಪಯೋಗವಿಲ್ಲ.

ರಸ್ತೆ ಅಪಘಾತವಾದರೆ ನಡೆದದ್ದನ್ನೇ ಹೇಳಿ. ಪೊಲೀಸ್ ಸ್ಟೇಷನ್ ಸುತ್ತಾಟ ಬೇಡವೆಂದು "ಮನೆಯಲ್ಲಿ ಬಿದ್ದದ್ದು" ಎಂದು ಬರೆಸುವವರಿದ್ದಾರೆ. ಆಮೇಲೆ ವಿಮೆಯ ಕ್ಲೇಮ್ ಕೈತಪ್ಪುತ್ತದೆ. ಆಸ್ಪತ್ರೆಯವರು ಪೊಲೀಸರಿಗೆ ಕಳಿಸುವ ಮಾಹಿತಿಗೆ 'ಎಂಎಲ್‌ಸಿ' ಎನ್ನುತ್ತಾರೆ, ಅದರ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ಸಿಗಬೇಕು.

ಹಂತ 6: ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ

ಮೊದಲ ಎರಡು ಮೂರು ದಿನ ಕೈಯನ್ನು ಎದೆಗಿಂತ ಮೇಲೆ, ಕಾಲನ್ನು ದಿಂಬಿನ ಮೇಲೆ ಇಡಿ. ಬೆರಳುಗಳನ್ನು ಗಂಟೆಗೊಮ್ಮೆ ಪೂರ್ತಿ ಮಡಚಿ ಬಿಡಿಸಿ. ನೋವಾಗುತ್ತದೆಂದು ಬೆರಳು ಅಲುಗಾಡಿಸದೆ ಇಟ್ಟವರ ಕೈ ಆರು ವಾರದ ನಂತರ ಊದಿ, ಹೊಳೆದು, ಮುಷ್ಟಿ ಕಟ್ಟಲಾರದಷ್ಟು ಬಿಗಿದಿರುತ್ತದೆ. ಎಲುಬು ಕೂಡಿರುತ್ತದೆ, ಕೈ ಕೆಟ್ಟಿರುತ್ತದೆ. ನನ್ನ ಬಳಿ ಬರುವ ಮಣಿಕಟ್ಟಿನವರಲ್ಲಿ ಅರ್ಧ ಕಷ್ಟ ಇದರಿಂದಲೇ ಆದದ್ದು.

ಈ ಲಕ್ಷಣಗಳು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ: ಮಾತ್ರೆಗೂ ಬಗ್ಗದೆ ಏರುತ್ತಲೇ ಹೋಗುವ ನೋವು, ಬೆರಳನ್ನು ಬೇರೆಯವರು ನೇರ ಮಾಡಿದರೆ ಕಿರುಚುವಷ್ಟು ನೋವು, ಜೋಮು, ಬೆರಳು ನೀಲಿ ಅಥವಾ ಬಿಳಿಯಾಗುವುದು. ಸ್ನಾಯುಗಳ ಕವಚದೊಳಗೆ ಒತ್ತಡ ಏರಿ ರಕ್ತ ನುಗ್ಗದಂತಾಗುವ ಈ ಸ್ಥಿತಿಗೆ 'ಕಂಪಾರ್ಟ್‌ಮೆಂಟ್ ಸಿಂಡ್ರೋಮ್' ಎನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಬೆಳಿಗ್ಗೆ ಒಪಿಡಿಗೆ ಹೋಗುವ ಎಂದು ಕಾಯಬೇಡಿ.

ನಮ್ಮ ಸೆಖೆಗೆ ಪ್ಲಾಸ್ಟರಿನೊಳಗೆ ತುರಿಕೆ ಬರದೆ ಇರುವುದಿಲ್ಲ. ಹಿಡಿಸೂಡಿ ಕಡ್ಡಿ ತೂರಿಸಿ ಕೆರೆಯುವುದು ಬೇಡ. ಒಳಗೆ ಗೀರಾದರೆ ಅದು ಹುಣ್ಣಾಗುವವರೆಗೆ ನಿಮಗೆ ಗೊತ್ತೇ ಆಗುವುದಿಲ್ಲ. ಹೇರ್ ಡ್ರೈಯರಿನ ತಣ್ಣನೆ ಗಾಳಿ ಬಿಡಿ. ಬಿಳಿ ಪ್ಲಾಸ್ಟರ್ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ತಡ. ಫೈಬರ್ ಕಾಸ್ಟ್ ಬೇಗ ಗಟ್ಟಿಯಾಗುತ್ತದೆ, ಆದರೆ ಅದರೊಳಗಿನ ಹತ್ತಿ ನೆನೆದರೆ ಅದಕ್ಕೂ ಅದೇ ಗತಿ. "ಫೈಬರ್ ಅಲ್ವಾ" ಎಂದು ಮಳೆಯಲ್ಲಿ ಹೋಗಬೇಡಿ.

ಈಗ ಆ ಶೇ. 13. ಡಾಕ್ಟರು ಒಂದನೇ ವಾರ, ಎರಡನೇ ವಾರ ಎಕ್ಸ್‌ರೇಗೆ ಬರಹೇಳಿದರೆ ತಪ್ಪಿಸಬೇಡಿ. ಬಾವು ಇಳಿದಂತೆ ಪ್ಲಾಸ್ಟರ್ ಸಡಿಲವಾಗುತ್ತದೆ, ಎಲುಬು ಜಾರುವುದು ಆಗಲೇ. "ನೋವಿಲ್ಲ, ಬಸ್ಸಿಗೆ ಯಾಕೆ ದುಡ್ಡು" ಎಂದು ಉಳಿದು ಆರನೇ ವಾರ ಬಂದರೆ ಸೊಟ್ಟಗೆ ಕೂಡಿದ ಎಲುಬು ಕಾಣುತ್ತದೆ. ಪ್ಲಾಸ್ಟರ್ ಚಿಕಿತ್ಸೆ ಸೋಲುವುದು ಹೆಚ್ಚಾಗಿ ಹೀಗೆಯೇ.

ಹಂತ 7: ಆಪರೇಷನ್ ಆದ ಮೇಲೆ

ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ವಿಷಯ ಸ್ಪಷ್ಟವಾಗಿ ಬರೆಸಿ: ಕಾಲಿಗೆ ಎಷ್ಟು ಭಾರ ಹಾಕಬಹುದು, ಯಾವಾಗಿನಿಂದ. ವೃದ್ಧರ ಸೊಂಟದ ಆಪರೇಷನ್ ಆದ ಮರುದಿನವೇ ವಾಕರ್ ಹಿಡಿದು ಎಬ್ಬಿಸುವುದು ಈಗಿನ ಕ್ರಮ. "ಪಾಪ, ಮಲಗಲಿ" ಎಂದು ನೆಂಟರು ತಡೆಯುತ್ತಾರೆ. ತಡೆಯಬೇಡಿ. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಮೀನಖಂಡ ಊದಿ ನೋಯತೊಡಗಿದರೆ, ದಿಢೀರನೆ ಉಸಿರುಗಟ್ಟಿದರೆ ತಕ್ಷಣ ಹೋಗಿ. ಮೀನು, ಮೊಟ್ಟೆಗೆ ಪಥ್ಯ ಹೇಳುವವರ ಮಾತು ಕೇಳಬೇಡಿ. ಗಾಯ ಕೂಡಲು ಪ್ರೊಟೀನ್ ಬೇಕು. ಸಸ್ಯಾಹಾರಿಗಳು ಬೇಳೆ, ಹುರುಳಿ, ಹಾಲು ಹೆಚ್ಚಿಸಿ.

ಪ್ಲೇಟ್, ರಾಡ್ ತೆಗೆಸಲೇಬೇಕೆಂದಿಲ್ಲ. ಚುಚ್ಚುತ್ತಿದ್ದರೆ, ನಂಜಾದರೆ, ಬೆಳೆಯುವ ಮಕ್ಕಳಾದರೆ ತೆಗೆಯುತ್ತಾರೆ. ಇಂಪ್ಲಾಂಟಿನ ಸ್ಟಿಕ್ಕರ್ ಇರುವ ಕಾಗದ ಜೋಪಾನ ಮಾಡಿ, ಮುಂದೆ ಎಂಆರ್‌ಐ ಮಾಡಿಸುವಾಗ ಕೇಳುತ್ತಾರೆ.

ಹಂತ 8: ಕೂಡಿದ ಮೇಲಿನ ಕೆಲಸ

ದೊಡ್ಡವರಲ್ಲಿ ಕೈಯ ಎಲುಬಿಗೆ ಸುಮಾರು 6 ವಾರ, ಕಾಲಿನದಕ್ಕೆ ಸುಮಾರು 12 ವಾರ. ಮೊಣಕಾಲಿನ ಕೆಳಗಿನ ಎಲುಬು ಇನ್ನೂ ನಿಧಾನ. ಇದು ಕೂಡುವ ಲೆಕ್ಕ, ಬಲ ಬರುವುದಕ್ಕೆ ಮತ್ತಷ್ಟು ತಿಂಗಳು. ಫಿಸಿಯೋಥೆರಪಿಗೆ ದಿನಾ ಬರಲು ಆಗದಿದ್ದರೆ ವ್ಯಾಯಾಮ ಕಲಿತುಕೊಂಡು ಮನೆಯಲ್ಲಿ ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪ ಮಾಡಿ. ವಾರಕ್ಕೊಮ್ಮೆ ಬಂದು ಒಂದು ಗಂಟೆ ಮಾಡುವುದಕ್ಕಿಂತ ಅದು ಮೇಲು.

50 ದಾಟಿದವರು ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಎಲುಬು ಮುರಿದಿದ್ದರೆ, ಎಲುಬು ಟೊಳ್ಳಾಗಿದೆಯೇ ಎಂದು ನೋಡಿಸಲೇಬೇಕು. ಆ ಪರೀಕ್ಷೆಗೆ 'ಡೆಕ್ಸಾ ಸ್ಕ್ಯಾನ್' ಎನ್ನುತ್ತಾರೆ. ಮಣಿಕಟ್ಟು ಮುರಿದು ಕೂಡಿದಲ್ಲಿಗೆ ಎಲ್ಲ ಮುಗಿಯಿತೆಂದು ಮನೆಗೆ ಹೋದ ಅಮ್ಮಂದಿರು ಕೆಲವು ವರ್ಷಗಳಲ್ಲಿ ಸೊಂಟ ಮುರಿದುಕೊಂಡು ಬರುತ್ತಾರೆ. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ಎಲುಬು ಗಟ್ಟಿಮಾಡುವ ಮಾತ್ರೆ, ಇಂಜೆಕ್ಷನ್‌ಗಳಿವೆ. ವಾರಕ್ಕೊಂದು ನುಂಗುವ ಮಾತ್ರೆಯಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ತೆಗೆದುಕೊಂಡು ಅರ್ಧ ಗಂಟೆ ಮಲಗಬಾರದು, ಇಲ್ಲವಾದರೆ ಅನ್ನನಾಳ ಹುಣ್ಣಾಗುತ್ತದೆ. ಹಲ್ಲು ಕೀಳಿಸುವುದಿದ್ದರೆ ಈ ಚಿಕಿತ್ಸೆ ಶುರುವಾಗುವ ಮುನ್ನವೇ ಕೀಳಿಸಿ ಮುಗಿಸಿ.